ಟಣ್ ಅಂದದ್ದು ಯಾವುದು?

ಕ್ಲಚ್ ಬಿಟ್ಟು ಕಾರು ಮುಂದಕ್ಕೆ ಸರಿಯುವ ಗಳಿಗೆಗೆ ಸರಿಯಾಗಿ ಸೀಟಿನ ಹಿಂದಿನಿಂದ 'ಟಣ್'. ಗೇರ್ ಬದಲಿಸಿದಾಗ ಮತ್ತೊಮ್ಮೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸ್ವಲ್ಪ ಮೆತ್ತಗೆ ಇನ್ನೊಂದು. ಇಂಗ್ಲೆಂಡಿನ ಕಾವೆಂಟ್ರಿ ಪಕ್ಕದ ಹಳ್ಳಿಯಲ್ಲಿ ನೆಲೆಸಿರುವ ನನ್ನ ಹಾಸ್ಟೆಲ್ ಗೆಳೆಯ ಮೂರು ವರ್ಷ ಆ ಸದ್ದಿನ ಜೊತೆಗೇ ಸಂಸಾರ ಮಾಡಿದ. ನಾಲ್ಕನೇ ವರ್ಷ ಫೋನ್ ಮಾಡಿ, "ಹಿಂದಿನ ಆಕ್ಸಲ್ಲನ್ನ ಇಡಿಯಾಗಿ ಬದಲಿಸಿಬಿಡ್ತೀನಿ ಮಾರಾಯ. ಹೇಗೂ ಈ ಕಡೆ ಬರ್ತಿದ್ದೀಯಲ್ಲ, ಎರಡು ದಿನ ಜಾಸ್ತಿ ಉಳಿ" ಅಂದ. ಫೆಬ್ರುವರಿಯ ಚಳಿಯಲ್ಲಿ ಸಿಮೆಂಟು ನೆಲದ ಮೇಲೆ ಅಂಗಾತ ಮಲಗುವ ಆಹ್ವಾನ. ಒಪ್ಪಿಕೊಂಡೆ.

ಕಾರು 1969ರ ಎಂಜಿಬಿ ರೋಡ್‌ಸ್ಟರ್. ಎರಡೇ ಸೀಟು, ಮಡಚುವ ಟಾಪು, ತಂತಿ ಕಡ್ಡಿಗಳ ಗಾಲಿ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಆದ್ದರಿಂದ ಇದು ಅಪರೂಪದ ಕಾರೇನಲ್ಲ, ಅಲ್ಲಿನ ಮಧ್ಯಮವರ್ಗದವರ ಹಳೆ ಕಾರಿನ ಹುಚ್ಚಿಗೆ ಕೈಗೆಟುಕುವ ಮದ್ದು. ನಾವು ಇಲ್ಲಿ ಹಳೆಯ ಕಾರನ್ನೆಲ್ಲ 'ವಿಂಟೇಜ್' ಅನ್ನುತ್ತೇವೆ. ಅಲ್ಲಿನ ಹಳಬರ ಮುಂದೆ ಎಂಜಿಬಿಯನ್ನು ಹಾಗೆ ಕರೆದರೆ ಹುಬ್ಬು ಗಂಟಿಕ್ಕುತ್ತಾರೆ. ಅವರ ಲೆಕ್ಕದಲ್ಲಿ 1930ರ ಒಳಗೆ ತಯಾರಾದದ್ದು ಮಾತ್ರ ವಿಂಟೇಜು, ಇದು ಬರೀ 'ಕ್ಲಾಸಿಕ್'. ಜಾತಿಗಳಿಲ್ಲದ ಊರು ಯಾವುದು?

ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ನೋಡಿ, ಬಂದವರು ಹಳೆಯ ಕಾರುಗಳ ಬಾನೆಟ್ಟಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಗ್ಗಿ ಹಿಂಭಾಗದ ಅಡಿಯನ್ನು ನೋಡಿದವರನ್ನು ನಾನಂತೂ ಕಂಡಿಲ್ಲ. ಎಂಜಿನ್ನಿಗೆ ಸಿಗುವ ಮರ್ಯಾದೆ ಹಿಂದಿನ ಆಕ್ಸಲ್ಲಿಗೆ ಎಂದೂ ಸಿಕ್ಕಿಲ್ಲ. ಸಿಗುವುದು ಬೈಗುಳ ಮಾತ್ರ. ಹಿಂದಿನಿಂದ ಯಾವ ಸದ್ದು ಬಂದರೂ ಮೊದಲ ಅನುಮಾನ ಅದರ ಮೇಲೆಯೇ.

ಎತ್ತಿನ ಗಾಡಿಯ ಅಚ್ಚು ಎಲ್ಲರಿಗೂ ಗೊತ್ತು. ಅದು ತಿರುಗುವುದಿಲ್ಲ, ಸುಮ್ಮನೆ ಹೊರುತ್ತದೆ. ಅದರ ಎರಡು ತುದಿಯಲ್ಲಿ ಗಾಲಿಗಳು ತಮ್ಮ ಪಾಡಿಗೆ ಉರುಳುತ್ತವೆ, ಕಳಚಿ ಬೀಳದಂತೆ ಕಡಾಣಿ, ಕಿರುಗುಟ್ಟದಂತೆ ಕೀಲೆಣ್ಣೆ. ಎಳೆಯುವ ಕೆಲಸ ಎತ್ತಿನದು. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ಉರುಳಿತು, ಒಳಗಿನದು ಕಡಿಮೆ ಉರುಳಿತು, ಯಾರಿಗೂ ತಕರಾರಿಲ್ಲ. ಕಾರಿನಲ್ಲಿ ಹಾಗಲ್ಲ, ಎಳೆಯುವ ಎತ್ತು ಗಾಲಿಯೇ. ಎಂಜಿನ್ನಿನ ಬಲ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಕ್ಕೆ ಬಂದು, ಅಲ್ಲಿ ತೊಂಬತ್ತು ಡಿಗ್ರಿ ತಿರುಗಿ, ಎಡಕ್ಕೂ ಬಲಕ್ಕೂ ಹಂಚಿಹೋಗಬೇಕು. ಎಂಜಿಬಿಯ ಎರಡು ಹಿಂದಿನ ಗಾಲಿಗಳ ನಡುವೆ ಸುಮಾರು 1.25 ಮೀಟರ್ ಅಂತರ. ಕಾರು ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 8 ಮೀಟರ್ ಹೆಚ್ಚು ಓಡಬೇಕು. ಸುತ್ತು ಊರಗಲ ಇರಲಿ, ಅಂಗಳದಷ್ಟೇ ಇರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಎರಡೂ ಗಾಲಿಯನ್ನು ಒಂದೇ ಸಲಾಕೆಗೆ ಬಿಗಿದರೆ ಟೈರು ಉಜ್ಜಿಹೋಗುತ್ತದೆ, ಇಲ್ಲವೇ ಸಲಾಕೆ ಮುರಿಯುತ್ತದೆ. ಅದಕ್ಕಾಗಿ ಸಲಾಕೆಯನ್ನು ಎರಡು ತುಂಡು ಮಾಡಿ ನಡುವೆ ನಾಲ್ಕು ಪುಟ್ಟ ಗೇರುಗಳ ಒಂದು ಪಂಚಾಯಿತಿ ಕೂರಿಸಿದ್ದಾರೆ. ಅದೇ ಡಿಫರೆನ್ಷಿಯಲ್. ಬಲವನ್ನು ಎರಡೂ ಕಡೆ ಸಮನಾಗಿ ಹಂಚುತ್ತದೆ, ವೇಗವನ್ನು ಮಾತ್ರ ಅವರವರ ಅಗತ್ಯಕ್ಕೆ ಬಿಡುತ್ತದೆ.

ಈ ಪಂಚಾಯಿತಿಯನ್ನು ಹೊತ್ತು ತಿರುಗುವ ದೊಡ್ಡ ಹಲ್ಲಿನ ಚಕ್ರ ಕ್ರೌನ್ ವೀಲ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಎಂಜಿಬಿಯಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 11. ಭಾಗಿಸಿದರೆ 3.909. ಅಂದರೆ ಶಾಫ್ಟು ಹತ್ತಿರಹತ್ತಿರ ನಾಲ್ಕು ಸುತ್ತು ಹಾಕಿದಾಗ ಗಾಲಿ ಒಂದು ಸುತ್ತು. ಹಾಗಿದ್ದರೆ 44 ಹಲ್ಲು ಕೊಟ್ಟು ಸರಿಯಾಗಿ ನಾಲ್ಕೇ ಮಾಡಬಹುದಿತ್ತಲ್ಲ? ಮಾಡಿದ್ದರೆ ಪಿನಿಯನ್ನಿನ ಒಂದು ಹಲ್ಲಿಗೆ ಜೀವಮಾನವಿಡೀ ಕ್ರೌನಿನ ಅದೇ ನಾಲ್ಕು ಹಲ್ಲುಗಳು ಎದುರಾಗುತ್ತಿದ್ದವು. ಒಂದರಲ್ಲಿ ಸಣ್ಣ ಮುಕ್ಕಿದ್ದರೆ ಅದು ಅದೇ ಜೊತೆಗಾರನನ್ನು ಮತ್ತೆ ಮತ್ತೆ ಕುಕ್ಕುತ್ತಿತ್ತು. 43ಕ್ಕೂ 11ಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಪ್ರತಿ ಹಲ್ಲೂ ಸರದಿಯಲ್ಲಿ ಎದುರಿನ ಎಲ್ಲ ಹಲ್ಲುಗಳನ್ನೂ ಭೇಟಿಯಾಗುತ್ತದೆ, ಸವೆತ ಎಲ್ಲ ಕಡೆ ಹಂಚಿಹೋಗುತ್ತದೆ. ಶಾಲೆಯಲ್ಲಿ ಲಸಾಅ, ಮಸಾಅ ಯಾಕೆ ಕಲಿಸಿದರೋ ಎಂದು ಗೊಣಗಿದ್ದ ನನಗೆ ಇದು ಗೊತ್ತಾದ ದಿನ ಮೇಷ್ಟರು ನೆನಪಾದರು.

ನಮ್ಮ ಕಡೆ 'ಆಕ್ಸಲ್ ಕಟ್' ಅನ್ನುವುದು ದಿನಬಳಕೆಯ ಮಾತು. ಶಿರಾಡಿ ಘಾಟಿಯಲ್ಲಿ ಸಾಲುಗಟ್ಟಿ ವಾಹನ ನಿಂತಿದ್ದರೆ, "ಏನಾಯ್ತು?" ಎಂದು ಕೇಳಿದವರಿಗೆ ಸಿಗುವ ಉತ್ತರ ಎಷ್ಟೋ ಸಲ ಅದೇ. ಅಲ್ಲಿ ಮುರಿದಿರುವುದು ಇಡೀ ಆಕ್ಸಲ್ಲಲ್ಲ, ಒಳಗಿನ ಸಲಾಕೆ. ಲಾರಿಯ ಭಾರವನ್ನು ಹೊರಗಿನ ದಪ್ಪ ಹೌಸಿಂಗ್ ಹೊರುತ್ತದೆ, ಸಲಾಕೆಗೆ ತಿರುಗಿಸುವುದೊಂದೇ ಕೆಲಸ. ಅದಕ್ಕೇ ಡ್ರೈವರು, ಕ್ಲೀನರು ಸೇರಿ ಗಾಲಿಯ ನಡುವಿನ ಬೋಲ್ಟುಗಳನ್ನು ಬಿಚ್ಚಿ, ತುಂಡಾದ ಸಲಾಕೆಯನ್ನು ಎಳೆದು, ಹೊಸದನ್ನು ತೂರಿಸಿ ಹೊರಟುಬಿಡುತ್ತಾರೆ. ಲಾರಿ ತನ್ನ ಗಾಲಿಗಳ ಮೇಲೆ ನಿಂತೇ ಇರುತ್ತದೆ, ಜಾಕ್ ಕೂಡ ಬೇಕಿಲ್ಲ. 1969ರ ಎಂಜಿಬಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಸಲಾಕೆ ತಿರುಗಿಸುವುದರ ಜೊತೆಗೆ ಕಾರಿನ ಭಾರವನ್ನೂ ಹೊರುತ್ತದೆ. ಮುರಿದರೆ ಗಾಲಿಯ ಸಮೇತ ಆಚೆ ಹೋಗಬಹುದು. ಸಲಾಕೆಯ ತುದಿಯ ನಟ್ಟನ್ನು 150 ಪೌಂಡ್-ಅಡಿ ಬಲದಲ್ಲಿ ಬಿಗಿಯಬೇಕೆಂದು ಕೈಪಿಡಿ ಹೇಳುವುದು ಅದಕ್ಕೇ. ಆ ಬಲಕ್ಕೆ ಉದ್ದನೆಯ ರೆಂಚಿನ ಮೇಲೆ ಒಬ್ಬ ಆಳು ತನ್ನ ಮೈಭಾರ ಹಾಕಬೇಕು.

ಎಂಜಿಬಿಯಲ್ಲಿ ಎರಡು ಬಗೆಯ ಆಕ್ಸಲ್ ಬಂದಿವೆ. ಮೊದಮೊದಲ ರೋಡ್‌ಸ್ಟರುಗಳದ್ದು 'ಬ್ಯಾಂಜೊ'. ನಡುವೆ ದುಂಡಗೆ ಉಬ್ಬಿ ಬ್ಯಾಂಜೊ ವಾದ್ಯದಂತೆ ಕಾಣುವುದರಿಂದ ಆ ಹೆಸರು. ಅದರ ಗೇರುಗಳ ಗಂಟನ್ನು ಇಡಿಯಾಗಿ ಮುಂದಿನಿಂದ ಕಳಚಿ ಮೇಜಿನ ಮೇಲಿಡಬಹುದು. ಆಮೇಲೆ ಬಂದದ್ದು, ಗೆಳೆಯನ ಕಾರಿನಲ್ಲಿರುವುದೂ, 'ಸಾಲಿಸ್‌ಬರಿ' ಬಗೆಯದು. ಎರಕದ ಹೊಟ್ಟೆ, ಅದರ ಎರಡು ಕಡೆಗೆ ಒತ್ತಿ ಕೂರಿಸಿದ ಉಕ್ಕಿನ ಕೊಳವೆಗಳು, ಹಿಂದೆ ಬೋಲ್ಟು ಹಾಕಿದ ಒಂದು ಮುಚ್ಚಳ. ಹೆಚ್ಚು ಗಟ್ಟಿ, ಸದ್ದೂ ಕಡಿಮೆ. ಆದರೆ ಗೇರು ಹೊರತೆಗೆಯಬೇಕೆಂದರೆ ಹೌಸಿಂಗಿನ ಬಾಯನ್ನೇ ಕೂದಲೆಳೆಯಷ್ಟು ಅಗಲಿಸುವ ವಿಶೇಷ ಸಾಧನ ಬೇಕು. ಆಬಿಂಗ್ಡನ್ನಿನ ಮಂದಿ ಇವನ್ನೆಲ್ಲ ತಮ್ಮ ಕಾರಿಗೆಂದೇ ಕಡೆದದ್ದಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಒಂದೇ ಕಪಾಟಿನಿಂದ ಹಲವು ಕಾರುಗಳು ಹುಟ್ಟುತ್ತಿದ್ದ ಕಾಲ ಅದು. ಮಾರಿಸ್ ಆಕ್ಸ್‌ಫರ್ಡ್ ಅದೇ ಕಪಾಟಿನದು, ಅದರ ಮೂರನೇ ಅವತಾರವೇ ನಮ್ಮ ಅಂಬಾಸಿಡರ್. ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ಮನೆತನದ ಅಣ್ಣತಮ್ಮಂದಿರು. ಸರ್ಕಾರಿ ಕಚೇರಿಗಳ ಮುಂದೆ ಬಿಳಿ ಬಣ್ಣದಲ್ಲಿ ಗಂಭೀರವಾಗಿ ನಿಂತಿರುತ್ತಿದ್ದವನ ತಮ್ಮ ಅಲ್ಲಿ ಟಾಪು ಬಿಚ್ಚಿಕೊಂಡು ತಿರುಗುತ್ತಿದ್ದ ಅನ್ನುವುದೇ ಒಂದು ಮೋಜು.

ಇನ್ನು ರೋಗಪರೀಕ್ಷೆ. ಸದ್ದಿಗೂ ಸದ್ದಿಗೂ ವ್ಯತ್ಯಾಸವಿದೆ. ಶ್ರುತಿಪೆಟ್ಟಿಗೆಯ ಹಾಗೆ ಎಳೆದು, ವೇಗ ಹೆಚ್ಚಿದಂತೆ ಏರುವ 'ಊಂ' ಕೇಳಿದರೆ ಕ್ರೌನ್-ಪಿನಿಯನ್ನಿನ ಮೇಲೆ ಸಂಶಯ. ಆಕ್ಸಿಲರೇಟರ್ ಒತ್ತಿದಾಗ ಮಾತ್ರವೋ, ಬಿಟ್ಟಾಗ ಮಾತ್ರವೋ ಎಂಬುದರ ಮೇಲೆ ಹಲ್ಲಿನ ಯಾವ ಮೈ ಸವೆದಿದೆ ಎಂದು ಊಹಿಸಬಹುದು. ತಿರುವಿನಲ್ಲಿ ಮಾತ್ರ ಗುರುಗುಟ್ಟಿದರೆ ಗಾಲಿಯ ಬೇರಿಂಗು. ನಮ್ಮದು 'ಟಣ್'. ಇದಕ್ಕೆ ಅಪರಾಧಿಗಳ ಪಟ್ಟಿ ಉದ್ದ. ಡಿಫರೆನ್ಷಿಯಲ್ಲಿನ ಪುಟ್ಟ ಗೇರುಗಳ ಬೆನ್ನಿಗಿರುವ ಕಾಸಿನಗಲದ ವಾಷರುಗಳು ಸವೆದಿರಬಹುದು, ಎಂಜಿಬಿಯಲ್ಲಿ ಇದು ಹೆಸರುವಾಸಿ ಕಾಯಿಲೆ. ಆಕ್ಸಲ್ಲನ್ನು ಲೀಫ್ ಸ್ಪ್ರಿಂಗಿಗೆ ಬಿಗಿದಿರುವ ಯು ಬೋಲ್ಟ್ ಸಡಿಲವಿರಬಹುದು. ತಂತಿ ಗಾಲಿಯ ಗುಂಬದ (ಹಬ್) ಒಳಗಿನ ಹಲ್ಲುಗಳು ತೆಳ್ಳಗಾಗಿರಬಹುದು. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸುಗಳಲ್ಲಿ ಆಟ, ಅಂದರೆ ಸಡಿಲ, ಬಂದಿರಬಹುದು. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಹಾಗೆ ಎಲ್ಲವೂ ಸ್ವಲ್ಪ ಸ್ವಲ್ಪವೇ ಸೇರಿರಲೂಬಹುದು.

ಗೆಳೆಯ ಮಾಡಿದ ಪರೀಕ್ಷೆ ಎಲ್ಲ ಹಳೆಯ ಕಾರಿನವರೂ ಮಾಡುವುದೇ. ಗಾಲಿ ಅಲುಗದಂತೆ ಹ್ಯಾಂಡ್ ಬ್ರೇಕ್ ಎಳೆದು, ಕಾರಿನಡಿ ತೂರಿ, ಶಾಫ್ಟನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುವಿ ನೋಡುವುದು. ಶಾಫ್ಟು ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಹೋಗುವಷ್ಟು ಸಲೀಸಾಗಿ ಆಡಿತು. "ಇಷ್ಟು ಆಟ! ಆಕ್ಸಲ್ ಹೋಗಿದೆ" ಎಂದು ತೀರ್ಪು ಕೊಟ್ಟ. ವಿಡಿಯೊ ಕಳಿಸಿದ, ನಾನೂ ಹೌದೆಂದೆ. ನಾವಿಬ್ಬರೂ ಮೆಕ್ಯಾನಿಕಲ್ ಎಂಜಿನಿಯರುಗಳು, ಅದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಇಬ್ಬರೂ ಮರೆತದ್ದು ಅದೇ 3.909ನ್ನು. ಆಕ್ಸಲ್ಲಿನ ಆಚೆ ಬದಿಯಲ್ಲಿ, ಅಂದರೆ ಪುಟ್ಟ ಗೇರುಗಳಲ್ಲೋ ಸಲಾಕೆಯ ಹಲ್ಲುಗಳಲ್ಲೋ, ಐದು ಡಿಗ್ರಿ ಆಟವಿದ್ದರೆ ಅದು ಶಾಫ್ಟಿನ ಬಳಿ ಇಪ್ಪತ್ತು ಡಿಗ್ರಿಯಾಗಿ ಕಾಣುತ್ತದೆ. ಗೇರು ಒಂದು ಕಡೆಗೆ ವೇಗ ಕಡಿಮೆ ಮಾಡಿದರೆ ಇನ್ನೊಂದು ಕಡೆಯಿಂದ ನೋಡಿದವರಿಗೆ ಎಲ್ಲವನ್ನೂ ನಾಲ್ಕು ಪಾಲು ಹಿಗ್ಗಿಸಿ ತೋರಿಸುತ್ತದೆ. ಯುಜೆ ಕ್ರಾಸಿನ ಎರಡು ಡಿಗ್ರಿ ಆಟ ಮಾತ್ರ ಎರಡೇ ಡಿಗ್ರಿ, ಆ ಇಪ್ಪತ್ತರ ಪಕ್ಕದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಆರೋಗ್ಯವಾಗಿರುವ ಹಳೆಯ ಆಕ್ಸಲ್ಲಿನಲ್ಲೂ ಒಂದಷ್ಟು ಆಟ ಇದ್ದೇ ಇರುತ್ತದೆ, ಇಲ್ಲದಿದ್ದರೆ ಹಲ್ಲುಗಳ ನಡುವೆ ಎಣ್ಣೆಗೆ ಜಾಗವೆಲ್ಲಿ?

ವಾಷರುಗಳೇ ಕಾರಣವಾಗಿದ್ದರೂ ಸಾಲಿಸ್‌ಬರಿ ಆಕ್ಸಲ್ಲಿನಲ್ಲಿ ಹಿಂದಿನ ಮುಚ್ಚಳ ತೆಗೆದು ಅವನ್ನು ಕಾರಿನಡಿಯಲ್ಲೇ ಬದಲಿಸಬಹುದು. ಆದರೆ ಅಷ್ಟೊತ್ತಿಗೆ ಗೆಳೆಯ ಹಳೆಯ ಬಿಡಿಭಾಗ ಮಾರುವವನೊಬ್ಬನಿಂದ ಇಡೀ ಆಕ್ಸಲ್ ಕೊಳ್ಳುವ ಮಾತುಕತೆಯಲ್ಲಿದ್ದ. ಇಡಿಯಾಗಿ ಕೊಳ್ಳುವುದರಲ್ಲಿ ಒಂದು ತರ್ಕ ಇದೆ, ಇಲ್ಲವೆಂದಲ್ಲ. ಕ್ರೌನ್-ಪಿನಿಯನ್ ಜೋಡಿಯನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಗುರುತು ಕೆತ್ತಿರುತ್ತಾರೆ, ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವ ಹಾಗಿಲ್ಲ. ಅವು ಎಷ್ಟು ಆಳಕ್ಕೆ ಕಚ್ಚಿಕೊಳ್ಳಬೇಕೆಂಬುದನ್ನು ಇಂಚಿನ ಸಾವಿರದ ಒಂದೆರಡು ಭಾಗ ದಪ್ಪದ ಬಿಲ್ಲೆಗಳಿಂದ ಹೊಂದಿಸಬೇಕು. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಎಲ್ಲಿ ಮೂಡಿತೆಂದು ನೋಡಿ, ಮತ್ತೆ ಬಿಚ್ಚಬೇಕು. ಮನೆಯ ಗ್ಯಾರೇಜಿನಲ್ಲಿ ಇದು ಆಗುವ ಹೋಗುವ ಕೆಲಸವಲ್ಲ. ಯಾರೋ ಹೊಂದಿಸಿಟ್ಟ ಒಳ್ಳೆಯ ಆಕ್ಸಲ್ ಸಿಕ್ಕರೆ ಇಡಿಯಾಗಿ ಕೂರಿಸುವುದೇ ವಾಸಿ. ಸಿಕ್ಕರೆ.

ನಾನು ಅಲ್ಲಿಗೆ ತಲುಪಿದ ಮೇಲೆ ಇಬ್ಬರೂ ಹೋದಾಗ ಆ ಮಾರಾಟಗಾರ ಮೊದಲು ತೋರಿಸಿದ್ದು ಮಾಮೂಲಿ ಉಕ್ಕಿನ ಗಾಲಿಯ ಆಕ್ಸಲ್. "ಎರಡೂ ಒಂದೇ, ಗುಂಬ ಬದಲಿಸಿಕೊಂಡರಾಯ್ತು" ಅಂದ. ಒಂದೇ ಅಲ್ಲ. ತಂತಿ ಗಾಲಿಯ ಗುಂಬ ಹೊರಕ್ಕೆ ಚಾಚಿಕೊಳ್ಳುವುದರಿಂದ ಅದಕ್ಕೆಂದೇ ಸಾಲಿಸ್‌ಬರಿ ಆಕ್ಸಲ್ಲನ್ನು ಸ್ವಲ್ಪ ಗಿಡ್ಡ ಮಾಡಿದ್ದಾರೆ. ಅಗಲದ ಆಕ್ಸಲ್ಲಿಗೆ ಆ ಗುಂಬ, ಆ ಗಾಲಿ ಹಾಕಿದರೆ ಹಳ್ಳಕ್ಕೆ ಬಿದ್ದಾಗಲೆಲ್ಲ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ನಾವು ಟೇಪು ಹಿಡಿದು ಅಳೆದ ಮೇಲೆ ಒಳಗಿನಿಂದ ಇನ್ನೊಂದನ್ನು ತಂದ. ಅದರ ಗೇರಿನ ಅನುಪಾತ ಎಷ್ಟೋ ಅವನಿಗೂ ಗೊತ್ತಿರಲಿಲ್ಲ. ಇದನ್ನು ತಿಳಿಯಲು ಬಿಚ್ಚಬೇಕಿಲ್ಲ. ಒಂದು ಬದಿಯ ಗುಂಬವನ್ನು ಅಲುಗದಂತೆ ಹಿಡಿಯಬೇಕು, ಇನ್ನೊಂದು ಬದಿಯದನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು, ಮುಂದಿನ ಫ್ಲಾಂಜಿಗೆ ಹಾಕಿದ ಸೀಮೆಸುಣ್ಣದ ಗೆರೆ ಎಷ್ಟು ಸಲ ಸುತ್ತಿತು ಎಂದು ಎಣಿಸಬೇಕು. ನಾಲ್ಕಕ್ಕೆ ಕೊಂಚ ಕಡಿಮೆ ಬಂತು. ಸರಿ.

ಬೇರೆ ಅನುಪಾತ ಬೇಕೆಂದೇ ಹುಡುಕುವವರೂ ಇದ್ದಾರೆ. 1973ರಿಂದ 1976ರವರೆಗೆ ಬಂದ, 3.5 ಲೀಟರಿನ ರೋವರ್ ಎಂಜಿನ್ನಿನ ಎಂಜಿಬಿ ಜಿಟಿ ವಿ8ರಲ್ಲಿ 43ಕ್ಕೆ 14 ಹಲ್ಲು, ಅಂದರೆ 3.07. ಮಾಮೂಲಿ ಎಂಜಿಬಿ ಟಾಪ್ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಓಡುವಾಗ ಎಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ಹಾಕಿದರೆ, ಈ ಆಕ್ಸಲ್ಲಿನಲ್ಲಿ 2,750 ಸಾಕು. ಹೆದ್ದಾರಿಯಲ್ಲಿ ಕಿವಿಗೆ ಹಿತ, ಆದರೆ ಏರು ಬಂದರೆ ನಾಲ್ಕು ಸಿಲಿಂಡರಿನ ಎಂಜಿನ್ ಏದುಸಿರು ಬಿಡುತ್ತದೆ. ಇನ್ನೊಂದು ಫಜೀತಿಯೂ ಇದೆ. ಸ್ಪೀಡೋಮೀಟರಿನ ತಂತಿ ಗೇರ್‌ಬಾಕ್ಸಿನಿಂದ ಹೊರಡುವುದರಿಂದ ಹಿಂದೆ ಆಕ್ಸಲ್ ಬದಲಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಕಾರು ನೂರರಲ್ಲಿ ಓಡುತ್ತಿದ್ದರೂ ಮುಳ್ಳು 79ರ ಹತ್ತಿರ ಸಭ್ಯವಾಗಿ ನಿಂತಿರುತ್ತದೆ. ಪೊಲೀಸರ ಕ್ಯಾಮೆರಾಕ್ಕೆ ಈ ಸಭ್ಯತೆ ಅರ್ಥವಾಗುವುದಿಲ್ಲ.

ಅಸಲಿತನದ ಪ್ರಶ್ನೆಯೂ ಬರುತ್ತದೆ. ನಮ್ಮ ದೇಶದಲ್ಲಿ 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನವನ್ನು 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿಗೆ ಕೊಡಬಹುದು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಭಾರೀ ಮಾರ್ಪಾಡು ಆಗಿರಬಾರದು. ಆ ಸಾಲಿನಲ್ಲಿ ಆಕ್ಸಲ್ಲಿನ ಹೆಸರಿಲ್ಲ. ಬ್ರಿಟನ್ನಿನಲ್ಲಿ ಬಹಳ ಕಾಲ ಇದಕ್ಕೊಂದು ಅಂಕಪಟ್ಟಿಯೇ ಇತ್ತು. ತುಂಬಾ ಬದಲಾದ ಕಾರು ತನ್ನ ಹಳೆಯ ನಂಬರ್ ಉಳಿಸಿಕೊಳ್ಳಲು 8 ಅಂಕ ಗಳಿಸಬೇಕಿತ್ತು. ಮೂಲದ ಚಾಸಿ ಅಥವಾ ಬಾಡಿಗೆ 5, ಎರಡೂ ಆಕ್ಸಲ್ ಮೂಲದವೇ ಆಗಿದ್ದರೆ 2, ಎಂಜಿನ್ನಿಗೆ ಬರೀ 1. ಆಕ್ಸಲ್ಲಿಗೆ ಎಂಜಿನ್ನಿಗಿಂತ ಹೆಚ್ಚು ಬೆಲೆ ಕಟ್ಟಿದ ದಾಖಲೆ ನಾನು ಕಂಡಿದ್ದು ಅದೊಂದೇ.

ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ಮುಂದಿನ ಗಾಲಿಗಳಿಗೆ ಅಡ್ಡ ಕೊಟ್ಟು, ಹಿಂಭಾಗ ಎತ್ತಿ, ಸ್ಪ್ರಿಂಗಿನ ಮುಂದಿನ ಕೊಂಡಿಗಿಂತ ಮುಂದೆ ಬಾಡಿಯ ಗಟ್ಟಿ ಜಾಗಕ್ಕೆ ಎರಡು ಸ್ಟ್ಯಾಂಡ್ ಇಟ್ಟೆವು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಎಷ್ಟೇ ಅವಸರವಿದ್ದರೂ ತಲೆ ಹಾಕಬಾರದು. ತಂತಿ ಗಾಲಿಯ ನಡುವಿನ ದೊಡ್ಡ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಚ್ಚಬೇಕು. ಎಡಗಡೆಯ ನಟ್ಟಿನ ಮರೆ (ಥ್ರೆಡ್) ಒಂದು ದಿಕ್ಕು, ಬಲಗಡೆಯದು ಇನ್ನೊಂದು ದಿಕ್ಕು. ಓಡುವಾಗ ತಾನಾಗಿ ಬಿಗಿಯಾಗುತ್ತ ಹೋಗಲೆಂಬ ಏರ್ಪಾಡು. ಯಾರಾದರೂ ಹಿಂದೆ ಗುಂಬಗಳನ್ನು ಅದಲುಬದಲು ಹಾಕಿದ್ದರೆ ಅದೇ ಏರ್ಪಾಡು ಗಾಲಿಯನ್ನು ತಾನಾಗಿ ಕಳಚುತ್ತದೆ. ಕೊಂಡ ಆಕ್ಸಲ್ಲಿನಲ್ಲಿ ಅದನ್ನು ಮೊದಲೇ ನೋಡಿಕೊಂಡಿದ್ದೆವು.

ಎಣ್ಣೆ ಬಸಿಯುವ ಮುಂಚೆ ಎಣ್ಣೆ ತುಂಬುವ ಬಿರಡೆ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಬೇಕು, ಈ ಕ್ರಮ ತಪ್ಪಿದವರು ಪಟ್ಟ ಪಾಡು ಬಹಳ. ಎಲ್ಲ ಎಣ್ಣೆ ಸುರಿದ ಮೇಲೆ ತುಂಬುವ ಬಿರಡೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಕಾರು ಅಲ್ಲೇ ಕೂತಿತು. ನಮ್ಮದು ಬಿಚ್ಚಿಕೊಂಡಿತು. ಕಪ್ಪು ಎಣ್ಣೆ ಬಟ್ಟಲಿಗೆ ಇಳಿದಾಗ ಗಂಧಕದ ಘಾಟು ಗ್ಯಾರೇಜು ತುಂಬಿತು. ಇಲ್ಲಿನ ಕ್ರೌನ್-ಪಿನಿಯನ್ ಹೈಪಾಯ್ಡ್ ಬಗೆಯದು. ಹಲ್ಲುಗಳು ಒಂದರ ಮೇಲೊಂದು ಬರೀ ಉರುಳುವುದಿಲ್ಲ, ಒತ್ತಿ ಜಾರುತ್ತವೆ. ಆ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪದರ ಹರಿದುಹೋಗುವುದರಿಂದ ಗಂಧಕ ಬೆರೆಸಿದ ಇಪಿ 90 ಎಣ್ಣೆ ಹಾಕುತ್ತಾರೆ. ಈ ಆಕ್ಸಲ್ಲಿಗೆ ಬೇಕಾದದ್ದು 0.85 ಲೀಟರ್, ಎರಡು ಚೊಂಬೂ ಇಲ್ಲ.

ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ನಾಲ್ಕು ಬೋಲ್ಟು ತೆಗೆಯುವ ಮೊದಲು ಎರಡೂ ಫ್ಲಾಂಜಿಗೆ ಸುಣ್ಣದ ಗೆರೆ. ಹ್ಯಾಂಡ್ ಬ್ರೇಕಿನ ಕೇಬಲ್ಲು, ಆಕ್ಸಲ್ ಕೆಳಕ್ಕೆ ಜೋತುಬೀಳದಂತೆ ಹಿಡಿಯುವ ಪಟ್ಟಿಗಳು, ಡ್ಯಾಂಪರಿನ ಕೊಂಡಿಗಳು ಒಂದೊಂದಾಗಿ ಬಂದವು. ದಾರಿಗೆ ಅಡ್ಡ ಬರುವ ಸೈಲೆನ್ಸರ್ ಪೈಪನ್ನೂ ಇಳಿಸಿದೆವು. ಬ್ರೇಕ್ ಪೈಪಿನ ಹಿತ್ತಾಳೆ ನಟ್ಟು ಮಾತ್ರ ಮಾಮೂಲಿ ಪಾನಾ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ, ಅದಕ್ಕೆ ಆರೂ ಮುಖ ಹಿಡಿಯುವ ಸೀಳುಬಾಯಿಯ ಪಾನಾ ಬೇಕು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡ ಎಂದು ಗೆಳೆಯ ಎರಡು ಸಲ ಎಚ್ಚರಿಸಿದ. ಆ ಕಾಲದ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು.

ಕೊನೆಗೆ ಯು ಬೋಲ್ಟುಗಳು, ಒಂದು ಬದಿಗೆ ಎರಡು. ಅವುಗಳ ಮರೆ ಕೆಳಮುಖವಾಗಿ ರಸ್ತೆಯನ್ನೇ ನೋಡುತ್ತಿರುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲೆಂದು ಆ ದೇಶದ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಐವತ್ತು ವರ್ಷದ ಉಪ್ಪು ತಿಂದ ನಟ್ಟು ಯಾವ ಪಾನಾಕ್ಕೂ ಜಗ್ಗಲಿಲ್ಲ. ಎಣ್ಣೆ ಹಾಕಿ ಕಾಫಿ ಕುಡಿದು ಬಂದೆವು, ಜಗ್ಗಲಿಲ್ಲ. ಗ್ರೈಂಡರ್ ಹಿಡಿದು ಕತ್ತರಿಸಿದೆವು. ಕಿಡಿ ಹಾರಿ ನನ್ನ ಸ್ವೆಟರಿನ ತೋಳಿನಲ್ಲಿ ಮೂರು ತೂತು. ಸ್ಪ್ರಿಂಗುಗಳ ಹಿಂದಿನ ಕೊಂಡಿ ಕಳಚಿ ಇಳಿಸಿದ ಮೇಲೆ, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ನಿಂತು, ಆಕ್ಸಲ್ಲಿನ ಹೊಟ್ಟೆಯನ್ನು ಜಾಕಿನ ಮೇಲಿಟ್ಟು ಅದನ್ನು ಹೊರಗೆ ತಂದೆವು. ಅಷ್ಟಕ್ಕೆ ಸಂಜೆ ಐದಾಗಿ ಕತ್ತಲಾಗಿತ್ತು.

ಭಾನುವಾರದ ಜೋಡಣೆ ಇದೇ ಕಥೆಯ ಹಿಂದುಮುಂದು. ಎರಡು ವಿಷಯ ಮಾತ್ರ ಹೇಳಬೇಕು. ಹೌಸಿಂಗಿನ ಮೇಲೆ ಬೆರಳ ತುದಿಯಷ್ಟು ಗಾತ್ರದ ಒಂದು ಉಸಿರುಕಿಂಡಿ ಇರುತ್ತದೆ. ಕೊಂಡ ಆಕ್ಸಲ್ಲಿನಲ್ಲಿ ಅದು ಮಣ್ಣು ಮೆತ್ತಿಕೊಂಡು ಮುಚ್ಚಿತ್ತು. ಓಡುವಾಗ ಬಿಸಿಯಾದ ಗಾಳಿಗೆ ದಾರಿ ಸಿಗದಿದ್ದರೆ ಅದು ಎಣ್ಣೆಯನ್ನು ಸೀಲುಗಳ ಮೂಲಕ ಹೊರಗೆ ನೂಕಿ ಬ್ರೇಕಿನ ಮೇಲೆ ಸುರಿಯುತ್ತದೆ. ಆಮೇಲೆ ಸೀಲು ಕೆಟ್ಟಿದೆಯೆಂದು ಸೀಲು ಬದಲಿಸುತ್ತ ಕೂರುತ್ತಾರೆ. ಎರಡನೆಯದು, ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿಯಬಾರದು. ನೆಲಕ್ಕಿಳಿಸಿ, ಭಾರ ಸ್ಪ್ರಿಂಗಿನ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬ್ರೇಕಿನ ಗಾಳಿ ತೆಗೆದು, ಎಣ್ಣೆ ತುಂಬಿ, ಹೊರಟಾಗ ಮಧ್ಯಾಹ್ನ ಮೂರು.

ಗೇಟು ದಾಟುವ ಮೊದಲೇ 'ಟಣ್'.

ಇಬ್ಬರೂ ಮಾತಾಡಲಿಲ್ಲ. ಹಳ್ಳಿಯ ಚರ್ಚಿನವರೆಗೆ ಹೋಗಿ ತಿರುಗಿಸಿಕೊಂಡು ಬಂದೆವು. ತಿರುಗಿಸುವಾಗ ಇನ್ನೆರಡು ಟಣ್. ಕಾರನ್ನು ಮತ್ತೆ ಎತ್ತಿ, ಈ ಸಲ ಶಾಫ್ಟಿನ ಮುಂದಿನ ತುದಿಯವರೆಗೆ ತೂರಿದೆ. ಗೇರ್‌ಬಾಕ್ಸಿನ ಹಿಂದೆ, ಸುರಂಗದೊಳಗೆ, ಗ್ರೀಸು-ಮಣ್ಣಿನ ಮುದ್ದೆಯಲ್ಲಿ ಅಡಗಿದ್ದ ಯುಜೆ ಕ್ರಾಸ್. ಎರಡು ದಿನ ಆ ಶಾಫ್ಟು ಅದಕ್ಕೇ ಜೋತುಬಿದ್ದಿತ್ತು. ನಾವು ಹಿಂದಿನ ಬೋಲ್ಟು ಮಾತ್ರ ಬಿಚ್ಚಿ ಅದನ್ನು ಪಕ್ಕಕ್ಕೆ ಕಟ್ಟಿಟ್ಟು ಕೆಲಸ ಮಾಡಿದ್ದೆವು. ಮುದ್ದೆ ಒರೆಸಿ ಕ್ರಾಸಿನ ಎರಡೂ ಮಗ್ಗುಲಿಗೆ ಬೆರಳಿಟ್ಟು ತಿರುವಿದರೆ ಒಂದು ಕಡೆ ಅಲುಗಿದ ಮೇಲೆ ತಡವಾಗಿ ಇನ್ನೊಂದು ಕಡೆ ಅಲುಗುತ್ತದೆ. ಬಿಚ್ಚಿ ತೆಗೆದಾಗ ಬಟ್ಟಲಿನೊಳಗಿನ ಸೂಜಿ ಬೇರಿಂಗುಗಳ ಜಾಗದಲ್ಲಿ ಸಿಕ್ಕಿದ್ದು ಕುಂಕುಮದಂಥ ಕೆಂಪು ಪುಡಿ. ಹೊಸ ಕ್ರಾಸಿಗೆ ಹೋಟೆಲಿನ ಒಂದು ಊಟದಷ್ಟು ಬೆಲೆ. ವೈಸಿನಲ್ಲಿ ಒತ್ತಿ ಕೂರಿಸಿ, ಲಾಕುಗಳನ್ನು ಹಾಕಿ, ಒಂದೂವರೆ ಗಂಟೆಯಲ್ಲಿ ಮುಗಿಯಿತು. ಟಣ್ ಹೋಯಿತು.

ಈಗ ಇನ್ನೊಂದು ಕೇಳಿಸಿತು. ಗಂಟೆಗೆ 80 ಕಿ.ಮೀ. ದಾಟಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಣ್ಣಗೆ, ಎಳೆದು ಹಿಡಿದಂತೆ, 'ಊಂ'. ಹಳೆಯ ಆಕ್ಸಲ್ಲಿನಲ್ಲಿ ಅದು ಇರಲಿಲ್ಲ.

ನಾನು ವಾಪಸು ಬಂದ ಮೇಲೆ ಗೆಳೆಯ ಹಳೆಯದರ ಹಿಂದಿನ ಮುಚ್ಚಳ ತೆಗೆದು ಫೋಟೊ ಕಳಿಸಿದ. 43 ಹಲ್ಲುಗಳೂ ಮೊನ್ನೆ ತಾನೇ ಕಡೆದಂತೆ ಹೊಳೆಯುತ್ತಿದ್ದವು. ವಾಷರುಗಳು ಮಾತ್ರ ತೆಳ್ಳಗಾಗಿದ್ದವು, ಹೊಸತು ಹಾಕಿದನಂತೆ. ಉಸಿರುಕಿಂಡಿ ಚೊಕ್ಕ ಮಾಡಿ, ಫ್ಲಾಂಜಿಗೆ ಗ್ರೀಸು ಬಳಿದು, ಊರಿಂದ ತಂದಿದ್ದ ಹಳೆಯ ಪಂಚೆಯೊಂದರಲ್ಲಿ ಸುತ್ತಿ ಮೇಜಿನಡಿ ಮಲಗಿಸಿದ್ದಾನೆ. ಕಳೆದ ವಾರ ಮತ್ತೆ ಫೋನು. "ಈ ಊಂ ತಡೆಯೋಕಾಗ್ತಿಲ್ಲ ಮಾರಾಯ. ಫೆಬ್ರುವರಿಗೆ ಬರ್ತೀಯ ತಾನೆ? ಯು ಬೋಲ್ಟು ಎರಡು ಸೆಟ್ ತರಿಸಿಟ್ಟಿದ್ದೀನಿ."